ಅವ್ವನ ಕೈಯ ಬೋಣಿಗೆ

ಶಹಾಪುರದ ಸೂಪರ್‌ ಮಾರ್ಟಿನ ಬಾಗಿಲಲ್ಲಿ ‘ನಾಳೆ ಮೊದಲು ಬಂದವರಿಗೆ ಬೇಳೆ ಅಗ್ಗ’ ಎಂಬ ಬೋರ್ಡು ನೋಡಿದೆ. ಚಿಕ್ಕಂದಿನ ಕೆಂಭಾವಿ ಸಂತೆಯ ಮೆಣಸಿನಕಾಯಿ ಘಾಟು ಮೂಗಿಗೆ ಬಡಿದಂತಾಯಿತು.

ಮೊದಲ ಗಿರಾಕಿ ಬರಿಗೈಲಿ ಹೋದರೆ ದಿನದ ವ್ಯಾಪಾರ ಕೆಡುತ್ತದೆಂದು ಸಾವ್ಕಾರರು ಬೋಣಿಗೆಗೆ ದರ ಇಳಿಸುತ್ತಿದ್ದರು. ಕೂಲಿಯಲ್ಲಿ ನಾಲ್ಕು ಕಾಸು ಉಳಿಸಲು ಅವ್ವ ಒಂದು ಸಂತೆಯ ದಿನ ನನ್ನನ್ನೆಳೆದುಕೊಂಡು ಎಲ್ಲರಿಗಿಂತ ಮೊದಲೇ ಬೇಳೆಯಂಗಡಿ ಮುಂದೆ ನಿಂತಳು.

“ನಿಮ್ಮ ಕೇರಿಯವರ ಕೈಲೆ ಬೋಣಿಗಿ ಬ್ಯಾಡ. ಆಮ್ಯಾಗ ಬಾ,” ಎಂದ ಸಾವ್ಕಾರ.

ನಾನು ಹಿಂದೆ ಸರಿದೆ. ಅವ್ವ ಕದಲಲಿಲ್ಲ.

“ಮೊದಲ ಬಂದಾಕಿ ನಾನರಿ. ಬರಿಗೈಲೆ ಕಳಸ್ರಿ ನೋಡೂಣು!”

ಹಲ್ಲು ಕಡಿಯುತ್ತ ಇಳಿಸಿದ ದರಕ್ಕೇ ತೂಗಿದ. “ರೊಕ್ಕ ನೆಲಕ್ಕಿಡು.”

“ಬೋಣಿಗಿ ರೊಕ್ಕ ನೆಲಕ್ಕಿಡ್ತಾರೇನ್ರಿ? ಕೈ ಚಾಚ್ರಿ.”

ಸಂತೆ ನೋಡುತ್ತಿತ್ತು. ಅವನು ಕೈ ಚಾಚಿದ. ಬೋಣಿಗೆಯ ರೂಢಿಯಂತೆ ಅವ್ವನ ರೊಕ್ಕವನ್ನು ಕಣ್ಣಿಗೂ ಒತ್ತಿಕೊಂಡ.

ನಾಳೆ ಮಾರ್ಟಿನ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ.