ಎಮ್ಮೆಗೆ ಇಡ್ಲಿ ನೀರು

ವಾಸು ಮಾವ ಎಮ್ಮೆಯೊಂದಿಗೆ ಸಂಸಾರ ಮಾಡಿದವರು. ಬದಲಾಪುರದ ಚಾಳಿನಲ್ಲಿ ಹತ್ತಡಿ ಹನ್ನೆರಡಡಿಯ ಒಂದೇ ಖೋಲಿ. ಅದರೊಳಗೆ ಮಂಚ, ಒಲೆ, ದೇವರು, ಶಾರದತ್ತೆ, ಕಿಟಕಿಯಡಿ ಎಮ್ಮೆ. ಎಮ್ಮೆ ಎಂದರೆ ಇನ್ವರ್ಟರಿನ ಬ್ಯಾಟರಿ. "ನೀರು ಕುಡೀತದೆ, ಕರೆಂಟು ಕೊಡ್ತದೆ, ಸೆಗಣಿ ಇಲ್ಲ. ಇನ್ನೆಂತ ಬೇಕು?" ಎನ್ನುತ್ತಿದ್ದರು.

ಅತ್ತೆಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ನಳಿಗೆ ಸಿಕ್ಕಿಸುವ ಆಕ್ಸಿಜನ್ ಮೆಶಿನ್ ದಿನವಿಡೀ ಓಡಬೇಕು. ಲೈಟು ಹೋದರೆ ಎಮ್ಮೆಯೇ ಗತಿ. ಆಗ ಫ್ಯಾನಿಲ್ಲ, ಬಲ್ಬಿಲ್ಲ, ಯಾರ ಮೊಬೈಲಿಗೂ ಚಾರ್ಜಿಲ್ಲ. ಕೇಳಿದರೆ, "ಅತ್ತೆಯ ಉಸಿರು ಕುಡೀತೀಯಾ?"

ಮಾವ ವರ್ತಕ ನಗರದ ಹೋಟೆಲಿನಲ್ಲಿ ಮೂವತ್ತು ವರ್ಷ ಇಡ್ಲಿ ಬೇಯಿಸಿದವರು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಅಂದರೆ ಆವಿಯನ್ನು ತಣಿಸಿದ ನೀರು ಹಾಕಬೇಕು ಎಂದು ಅವರಿಗೆ ಹೇಳಿದವನು ನಾನು. ಅವರೇ ಎಲ್ಲೋ ಕೇಳಿದ್ದು ಎಂದು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದೆ, ನಂಬಿಯೂ ಬಿಟ್ಟಿದ್ದೆ.

"ಇಷ್ಟೆಯಾ? ಅದನ್ನು ಬಾಟ್ಲಿಯಲ್ಲಿ ತುಂಬಿಸಿ ಮಾರುವುದಾ? ನಾನು ಹಂಡೆಗಟ್ಟಲೆ ಚೆಲ್ಲಿದ್ದೇನೆ ಮಾರಾಯ!"

ಅಂದಿನಿಂದ ಇಡ್ಲಿ ಪಾತ್ರೆಯ ಮುಚ್ಚಳದಡಿ ಕಟ್ಟಿದ ಹನಿಗಳೆಲ್ಲ ಎಮ್ಮೆಯ ಹೊಟ್ಟೆಗೆ.

ಬ್ಯಾಟರಿ ನೋಡಲು ಬಂದ ಮರಾಠಿ ಮೆಕ್ಯಾನಿಕ್ ಮುಚ್ಚಳ ತೆಗೆದು ಮೂಸಿದ. "ಕಾಕಾ, ಪಾಣಿ ಕುಠಲಂ?" ಎಲ್ಲಿಯ ನೀರು ಎಂದು ಕೇಳಿದ.

"ಇಡ್ಲೀಚಂ," ಎಂದರು ಮಾವ, ಹೆಮ್ಮೆಯಿಂದ.

ಅವನು ನಕ್ಕು ನಕ್ಕು ನೆಲಕ್ಕೆ ಕುಳಿತ. ನಗು ನಿಂತ ಮೇಲೆ ಹೇಳಿದ: ಹಿಟ್ಟಿನ ಉಪ್ಪು, ಹುಳಿ ಸೇರಿದ ನೀರಿಗೆ ಬ್ಯಾಟರಿ ಕೆಟ್ಟಿದೆ, ಮೂರು ತಾಸಿನ ಎಮ್ಮೆ ಇನ್ನು ಒಂದು ತಾಸು ನಿಂತರೆ ಪುಣ್ಯ. ಮಾವ ನಗಲಿಲ್ಲ. ಹೊಸದನ್ನು ತರಲು ಹೇಳಿದರು. ಅದಕ್ಕಿಂತ ಮೊದಲು ಶುಕ್ರವಾರ ಬಂತು, ರಿಪೇರಿಗೆಂದು ಲೈಟು ತೆಗೆಯುವ ದಿನ.

ನಾನಲ್ಲಿದ್ದೆ. ಲೈಟು ಹೋಗಿ ತಾಸು ಕಳೆಯುವ ಮೊದಲೇ ಇನ್ವರ್ಟರು ಕೀಂ ಕೀಂ ಎಂದಿತು. ಮಾವ ಬಗ್ಗಿ ಎಮ್ಮೆಯ ಹಿಂದೆ ನೋಡಿದರು. ಅಲ್ಲಿ ನನ್ನ ಮೊಬೈಲು, ಚಾರ್ಜಿಗೆ. ವಯರು ಕಿತ್ತು ನನ್ನ ಕೈಗಿಟ್ಟು, "ರಿಕ್ಷಾ ತಾ" ಎಂದರಷ್ಟೆ. ಮೊಬೈಲು ಕುಡಿದದ್ದು ಮೆಶಿನ್ನಿನ ಒಂದೆರಡು ನಿಮಿಷದ ಪಾಲು ಎಂದು ಈಗ ಲೆಕ್ಕ ಹಾಕುತ್ತೇನೆ. ಮೆಶಿನ್ ನಿಂತ ಒಂದೆರಡು ನಿಮಿಷಕ್ಕೇ ಅತ್ತೆಯ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯ ದಾರಿಯಲ್ಲಿ ಅತ್ತೆ, "ಉದ್ದು ನೆನೆಹಾಕಿದ್ದೇನೆ, ರುಬ್ಬಿ" ಎಂದರಂತೆ. ಮಾವ ಹೇಳುವುದು ಹಾಗೆ. ಪಕ್ಕದಲ್ಲಿದ್ದ ನನಗೆ ಏನೂ ಕೇಳಿಸಲಿಲ್ಲ. ಅಷ್ಟು ಮಾತಾಡುವ ಉಸಿರು ಅವರಲ್ಲಿರಲಿಲ್ಲ.

ಆ ಸಲ ಅತ್ತೆ ಬದುಕಿ ಬಂದರು. ಹೊಸ ಎಮ್ಮೆಯೂ ಬಂತು. ವರ್ಷದ ಮೇಲೆ ಅವರು ತೀರಿಹೋದದ್ದು ಲೈಟಿರುವಾಗಲೇ. "ಎಮ್ಮೆ ಮೇಲೆ ಅಪವಾದ ಬರಲಿಲ್ಲ," ಎಂದರು ಮಾವ.

ಮಾವ ಘಣಸೋಲಿಯ ಮಗಳ ಮನೆಗೆ ಹೊರಡುವ ಹಿಂದಿನ ದಿನ ನಾನು ಅವರನ್ನು ಕೊನೆಯದಾಗಿ ಕಂಡೆ. ಲೈಟಿರಲಿಲ್ಲ. ಖೋಲಿ ಬರಿದಾಗಿತ್ತು, ಎಮ್ಮೆ ಮಾತ್ರ ತುಂಬಿ ನಿಂತಿತ್ತು.

"ಮೊಬೈಲು ಹಾಕು ಮಾರಾಯ. ಈಗ ಕುಡಿಯುವವರು ಯಾರೂ ಇಲ್ಲ."

ನನ್ನದು ನೂರಕ್ಕೆ ನೂರು ತುಂಬಿತ್ತು. ಆದರೂ ಹಾಕಿದೆ.