ಗುಲಾಬಿ ಚೀಟಿ

ಕಳೆದ ವಾರ ಒಂದು ಕಾಗದವನ್ನು ಚೆನ್ನಾಗಿ ಮಡಿಚಿ ನಮ್ಮಕ್ಕನ ಮುಂದೆ ಹಿಡಿದೆ. ಅವಳು ಸಹಿ ಹಾಕುವ ಗೆರೆಯಷ್ಟೇ ಕಾಣಬೇಕು. ಮೇಲೆ ಬರೆದಿದ್ದ ಕಾಯಿಲೆಯ ಹೆಸರು ಕಾಣಬಾರದು. (ವಾರವಾರವೂ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನ ಯೋಗ್ಯತೆ ನೋಡಿ.)

ಅಕ್ಕ ಯಶವಂತಪುರದ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ತಿಂಗಳಿಂದ ಸುಸ್ತು, ಜ್ವರ, ವಸಡಿನಲ್ಲಿ ರಕ್ತ. ಸರ್ಕಾರಿ ವಿಮೆಯ ಡಿಸ್ಪೆನ್ಸರಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ನನ್ನೊಬ್ಬನನ್ನೇ ಹೊರಗೆ ಕರೆದರು. "ರಕ್ತದ ಕ್ಯಾನ್ಸರ್ ಇರಬಹುದು. ಸ್ಪೆಷಲಿಸ್ಟಿಗೆ ತೋರಿಸಿ, ತಡ ಮಾಡ್ಬೇಡಿ."

ಅಕ್ಕನಿಗೆ ಏನು ಹೇಳಿದೆ? "ರಕ್ತ ಕಡಿಮೆಯಂತೆ. ಬೀಟ್‌ರೂಟ್ ತಿನ್ನಬೇಕಂತೆ." ನೀವಾಗಿದ್ದರೆ ಬೇರೇನು ಹೇಳುತ್ತಿದ್ದಿರಿ?

ಅಕ್ಕನ ವಿಮಾ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೆಬ್ಬಾಳದ ನಮ್ಮ ಮನೆಯಿಂದ ಸೈಕಲ್ ಹತ್ತಿದೆ. ರಕ್ತದ ಡಾಕ್ಟರು ಸಿಗುವುದೇ ಕಷ್ಟ. ಸಿಕ್ಕ ಒಬ್ಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಇದೆಲ್ಲ ನಮ್ಮಲ್ಲಿ ನಡೆಯಲ್ಲ ಕಣ್ರೀ" ಎಂದು ವಾಪಸು ಕೊಟ್ಟರು. ಯಲಹಂಕದವರೆಗೂ ಹೋದೆ. ಅಲ್ಲಿ ಡಾಕ್ಟರಿದ್ದರು, ರಕ್ತದ ಡಾಕ್ಟರಲ್ಲ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: ಅಕ್ಕ ಉಳಿಯುತ್ತಾಳೋ ಇಲ್ಲವೋ?

ಊರೆಲ್ಲ ಸುತ್ತಿದ ಮೇಲೆ ಯಶವಂತಪುರ ಸ್ಟೇಷನ್ನಿನ ಹತ್ತಿರವೇ ರಕ್ತದ ಡಾಕ್ಟರೊಬ್ಬರು ಪತ್ತೆಯಾದರು. ಬುಧವಾರ ಮಾತ್ರ ಬರುತ್ತಾರೆ, ಕಾರ್ಡನ್ನೂ ಒಪ್ಪುತ್ತಾರೆ. ಆದರೆ ಡಿಸ್ಪೆನ್ಸರಿಯಿಂದ ಗುಲಾಬಿ ಬಣ್ಣದ ಚೀಟಿ ತರಬೇಕು. ಅದರಲ್ಲಿ ಕಾಯಿಲೆಯ ಹೆಸರು, ಕೆಳಗೆ ರೋಗಿಯ ಸಹಿ. ನಾನು ಮಡಿಚಿದ್ದು ಅದನ್ನೇ.

ಅಕ್ಕ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಳು.

"ಇನ್ನು ಬಿಚ್ಚೋ ಅದನ್ನ. ಜ್ವರಕ್ಕೆ ಬಿಳೀ ಚೀಟಿ, ದೊಡ್ಡ ಕಾಯಿಲೆಗೆ ಗುಲಾಬಿ ಚೀಟಿ. ನಮ್ ಕಾರ್ಖಾನೇಲಿ ಯಾರಿಗೆ ಗೊತ್ತಿಲ್ಲ?"

ಹೆಸರು ಮುಚ್ಚಿದ್ದೆ. ಬಣ್ಣ ಮುಚ್ಚುವುದು ನನಗೆ ಹೊಳೆದಿರಲಿಲ್ಲ.

"ನೀನು ಹೆದರ್ತೀಯ ಅಂತ ಹೇಳಲಿಲ್ಲ ಅಕ್ಕ" ಎಂದೆ.

"ಅವತ್ತು ಡಾಕ್ಟರ ಹತ್ರ ಮಾತಾಡಿ ಒಳಗೆ ಬಂದ್ಯಲ್ಲ, ನಿನ್ ಮುಖ ನೋಡೇ ಹೆದರ್ಕೊಂಡೆ ಕಣೋ. ಅವತ್ತಿಂದ ಬೀಟ್‌ರೂಟ್ ತಿನ್ಕೊಂಡು ಒಬ್ಳೇ ಹೆದರ್ಕೊಂಡಿದೀನಿ."

ನನಗೆ ಅಳು ಬಂತು. ಅವಳು ಅಳಲಿಲ್ಲ. ಚೀಟಿಯನ್ನು ತಾನೇ ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ಸರಿಮಾಡಿದಳು. ಆಮೇಲೆ ಕೇಳಿದಳು:

"ಬುಧವಾರ ನೀನು ಡಾಕ್ಟರ ಹತ್ರ ನನ್ನೆದುರಿಗೇ ಮಾತಾಡ್ತೀಯೋ, ಮತ್ತೆ ಹೊರಗೆ ಹೋಗಿ ಮಾತಾಡ್ತೀಯೋ?"