ಶಾರದಾಬಾಯಿಯ ಮನೆಯಲ್ಲಿ ಮಾತ್ರ ಕೆಡುವ ಮಶೀನು

ಯಾವುದು ಯಾಕೆ ಹಾಗಾಗುತ್ತದೆಂದು ತಿಳಿಯುವ ತನಕ ಶಾರದಾಬಾಯಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಮಟಕಿ ಎಂಬ ಊರಿನ ತವರಿನಲ್ಲಿದ್ದಾಗ, ಮುಳ್ಳು ಹಿಂದಕ್ಕೂ ತಿರುಗೀತೇ ಎಂದು ನೋಡಲು ಅಪ್ಪನ ಗೋಡೆ ಗಡಿಯಾರ ಬಿಚ್ಚಿ ಬೆನ್ನಿಗೆ ಏಟು ತಿಂದಿದ್ದಳು. ಏಟಿನಿಂದ ಚಾಳಿ ಹೋಗಲಿಲ್ಲ, ಬಾಗಿಲು ಮುಚ್ಚಿಕೊಂಡು ಬಿಚ್ಚುವುದನ್ನು ಕಲಿತಳು ಅಷ್ಟೆ. ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಬಂದ ಮೇಲೆ ಬೀಸುವ ಕಲ್ಲಿನಿಂದ ಹೊಲಿಗೆ ಮಶೀನಿನ ತನಕ ಅವಳ ಕೈ ಆಡದ ಸಾಮಾನು ಆ ಮನೆಯಲ್ಲಿ ಉಳಿಯಲಿಲ್ಲ. ಅತ್ತೆ ಗುರುಶಾಂತಮ್ಮ ಹಗಲೆಲ್ಲ ಬೈಯುತ್ತಿದ್ದಳು. ಲಾಟೀನಿನ ಬತ್ತಿ ಏರದಿದ್ದರೆ ಮಾತ್ರ ಮೊದಲು ಕೂಗುತ್ತಿದ್ದದ್ದು ಈ ಸೊಸೆಯನ್ನೇ.

ಗಂಡ ಬಸವಂತರಾಯ ಆಳಂದದ ಬಜಾರಿನಲ್ಲಿ ತೊಗರಿ ದಲಾಲಿ. ಹರಾಜು ಕೂಗಲು ನಿಂತರೆ ಅವನ ದನಿ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತಂತೆ. ಅಂತೆ ಎಂದೇ ಹೇಳಬೇಕು, ಹೆಂಡತಿಗೆ ಆ ದನಿ ಕೇಳುವ ಭಾಗ್ಯ ಇರಲಿಲ್ಲ. ಮುಂಜಾನೆಯ ಬಸ್ಸಿಗೆ ಹೋದವನು ಸಂಜೆಯ ಬಸ್ಸಿಗೆ ಬಂದು, ಗಂಟಲನ್ನು ಬಜಾರಿನಲ್ಲೇ ಬಿಟ್ಟು ಬಂದವನಂತೆ ಸುಮ್ಮನೆ ಉಂಡು ಮಲಗುತ್ತಿದ್ದ. ಜಗಳವಿಲ್ಲದ ಸಂಸಾರ ಎಂದು ಓಣಿಯವರು ಹೊಗಳುತ್ತಿದ್ದರು. ಜಗಳಕ್ಕಾದರೂ ಮಾತು ಬೇಕಲ್ಲ.

ತೊಂಬತ್ತೈದರ ಚಳಿಗಾಲದಲ್ಲಿ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದಿತು, ಬಲಗಾಲು ಎಳೆಯಿತು, ನಾಲಿಗೆ ತೊದಲಿತು. ಬೆರಳಿಗೆ ದಿನಾ ಕೆಲಸ ಕೊಡಿ, ಇಲ್ಲದಿದ್ದರೆ ಕೈ ಕಟ್ಟಿಗೆಯಾಗುತ್ತದೆ ಎಂದು ಗುಲಬರ್ಗಾದ ಡಾಕ್ಟರು ಹೇಳಿ ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದರು. ಇಡೀ ಬಜಾರನ್ನು ಆಡಿಸಿದವನು ಕೂಸಿನ ಹಾಗೆ ಚೆಂಡು ಹಿಚುಕುತ್ತಾನೆಯೇ? ಎಡಗೈಯಿಂದ ಎತ್ತಿ ಅಂಗಳಕ್ಕೆ ಎಸೆದ. ಶಾರದಾಬಾಯಿ ಆರಿಸಿ ತಂದಳು, ಮತ್ತೆ ಎಸೆದ. ಕಡೆಗೆ ಅದನ್ನು ಬೀದಿನಾಯಿಯೊಂದು ಕಚ್ಚಿಕೊಂಡು ಹೋಯಿತು.

ಶಿವರಾತ್ರಿ ಕಳೆದ ಮೇಲೆ ಸೊಲ್ಲಾಪುರದಿಂದ ಅವಳ ತಮ್ಮ ಕಲ್ಯಾಣಪ್ಪ ನೋಡಲು ಬಂದ. ಬರುವಾಗ ತನ್ನ ಮಕ್ಕಳು ಆಡಿ ಬೇಸತ್ತ ವಿಡಿಯೊ ಗೇಮ್ ತಂದಿದ್ದ. ಟಿವಿಗೆ ಹಚ್ಚುವ ಪೆಟ್ಟಿಗೆ, ಮೇಲೆ ಸಿಕ್ಕಿಸುವ ಕ್ಯಾಸೆಟ್ಟು, ಕೈಯಲ್ಲಿ ಹಿಡಿಯುವ ಗುಂಡಿಗಳ ಹಲಗೆ. ಎಡ ಹೆಬ್ಬೆರಳಿನಿಂದ ವಿಮಾನ ಓಡಿಸಬೇಕು, ಬಲ ಹೆಬ್ಬೆರಳಿನಿಂದ ಗುಂಡು ಹೊಡೆಯಬೇಕು. ಬಸವಂತರಾಯ ಮೊದಲು ಮುಖ ತಿರುಗಿಸಿದ. ಆದರೆ ಗುಂಡು ಹಾರಿಸುವವರಿಲ್ಲದೆ ತನ್ನ ಪಾಲಿನ ವಿಮಾನ ಮತ್ತೆ ಮತ್ತೆ ಉರಿದು ಬೀಳುವುದನ್ನು ನೋಡುತ್ತಾ ಸುಮ್ಮನಿರಲು ಆ ದಲಾಲಿಯಿಂದ ಆಗಲಿಲ್ಲ. ಕೆಲವೇ ದಿನಗಳಲ್ಲಿ, ಸತ್ತೇಹೋಯಿತೆಂದುಕೊಂಡಿದ್ದ ಬಲ ಹೆಬ್ಬೆರಳು ಮಿಸುಕಿತು. ಶಾರದಾಬಾಯಿ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು.

ಆದರೆ ಮಶೀನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆಟ ರಂಗೇರಿತು ಎನ್ನುವಾಗ ಪರದೆಯ ಬಣ್ಣ ಕಲಸಿಹೋಗುವುದು, ವಿಮಾನ ನಡು ಆಕಾಶದಲ್ಲಿ ನಿಂತುಬಿಡುವುದು, ಒಂದೇ ಸ್ವರ ಕುಂಯ್ಯೆಂದು ಎಳೆಯುವುದು. ಮುಟ್ಟಿದರೆ ಪೆಟ್ಟಿಗೆ ಸುಡುತ್ತಿತ್ತು. ಬಂದ್ ಮಾಡಿ ಆರುವ ತನಕ ಕಾಯಬೇಕು. ಹಾಗೆ ಕಾಯುವಾಗ ಬಸವಂತರಾಯ ಮೊದಮೊದಲು ಮಶೀನಿಗೆ ತೊದಲು ನಾಲಿಗೆಯಲ್ಲೇ ಬೈದ. ಬೈಗುಳ ಮುಗಿದ ಮೇಲೆ ಬೇರೆ ಮಾತು ಬಂತು. ಯಾವ ಸೇಠ ಹರಾಜಿನಲ್ಲಿ ಹೇಗೆ ಮೂಗು ತುರಿಸಿ ಸನ್ನೆ ಮಾಡುತ್ತಿದ್ದ, ಮಳೆಗೆ ತೊಯ್ದ ತೊಗರಿಯನ್ನು ಯಾರು ಯಾರಿಗೆ ಟೋಪಿ ಹಾಕಿ ಮಾರಿದರು ಎಂಬುದೆಲ್ಲ ತುಂಡು ತುಂಡಾಗಿ ಹೊರಬಂತು. ಅವಳು ಪಕ್ಕದಲ್ಲಿ ಕೂತು ಕೇಳಿದಳು. ಇಷ್ಟೊಂದು ಮಾತು ಈ ಮನುಷ್ಯನೊಳಗೆ ಇತ್ತೇ ಎಂದು ಬೆರಗಾದಳು. ಸುಖವೂ ಆಯಿತು.

ಹಾಗೆಂದು ಮಶೀನು ಯಾಕೆ ಬಿಸಿಯಾಗುತ್ತದೆಂಬುದನ್ನು ತಿಳಿಯದೆ ಬಿಡುವ ಹೆಂಗಸೇ ಅವಳು? ಗುರುಶಾಂತಮ್ಮ ದೃಷ್ಟಿಯೆಂದು ನಿಂಬೆಹಣ್ಣು ಕಟ್ಟಿಸಿದಳು. ಪಕ್ಕದ ಮನೆಯ ನಾಗಣ್ಣ ಕರೆಂಟಿನ ದೋಷವೆಂದು ಸ್ಟೆಬಿಲೈಸರ್ ತಂದು ಹಚ್ಚಿದ. ಮಶೀನು ನಿಂಬೆಹಣ್ಣಿಗೂ ಬಗ್ಗಲಿಲ್ಲ, ಸ್ಟೆಬಿಲೈಸರಿಗೂ ಬಗ್ಗಲಿಲ್ಲ. ಕಡೆಗೆ ಅವಳೇ ಬಸ್ಸು ಹತ್ತಿ ಆಳಂದಕ್ಕೆ ಹೋಗಿ, ಟಿವಿ ರಿಪೇರಿಯ ಚಾಂದಪಾಶಾನ ಮುಂದೆ ಅದನ್ನಿಟ್ಟಳು. ಅವನು ತನ್ನ ಕಬ್ಬಿಣದ ಜಾಳಿಗೆಯ ಮೇಜಿನ ಮೇಲೆ ಇಡೀ ಮಧ್ಯಾಹ್ನ ಓಡಿಸಿದ. ಒಮ್ಮೆಯೂ ನಿಲ್ಲಲಿಲ್ಲ.

"ಖರಾಬಿ ಮಶೀನ್ದಾಗಿಲ್ರಿ ಅಕ್ಕಾ," ಎಂದ ಚಾಂದಪಾಶಾ. "ನಿಮ್ಮ ಮನ್ಯಾಗ ಏನೋ ಅದ, ನೋಡ್ರಿ."

ಮನೆಗೆ ತಂದು ಹಚ್ಚಿದಳು. ಸ್ವಲ್ಪ ಹೊತ್ತಿಗೇ ಕುಂಯ್ ಎಂದಿತು. ಅಲ್ಲಿ ಇಲ್ಲದ್ದು ಇಲ್ಲಿ ಏನಿದೆ? ಅವಳು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು, ಪಕ್ಕಕ್ಕೆ ಇಟ್ಟಳು, ಅಡಿಗೆ ತೂರಿಸಿದಳು. ಬೆಂಕಿ ಇದ್ದದ್ದು ಹೊಟ್ಟೆಯಲ್ಲಿ. ಬೋರಲು ಹಾಕಿ ನೋಡಿದರೆ ಹೊಟ್ಟೆಯ ತುಂಬ ಸಣ್ಣ ಸೀಳುಗಳು, ಸೀಳುಗಳಲ್ಲಿ ಕೌದಿಯ ನೂಲು.

ಆ ಮನೆಯಲ್ಲಿ ಮರ್ಯಾದೆಯ ವಸ್ತು ಯಾವುದನ್ನೂ ಬರೀ ನೆಲಕ್ಕೆ ಇಡುತ್ತಿರಲಿಲ್ಲ. ಬರೀ ನೆಲ ಸಾವಿನ ಮನೆಗೆ ಎಂಬುದು ಗುರುಶಾಂತಮ್ಮನ ಲೆಕ್ಕ. ಮಗನ ಕೈ ಎಬ್ಬಿಸಿದ ಮಶೀನಿಗೆ ಅವಳು ಹಳೆಯ ಇಳಕಲ್ ಸೀರೆಗಳಿಂದ ತಾನೇ ಹೊಲಿದ ದಪ್ಪ ಕೌದಿಯನ್ನು ಮಡಚಿ ಹಾಸಿದ್ದಳು. ಅದು ಉಸಿರಾಡುವ ಜಾಗವನ್ನೇ ಮುಚ್ಚಿದ್ದಳು ಎಂದರೂ ಆಯಿತು.

ಕೌದಿ ತೆಗೆಯಲು ಹೋದಾಗ ಅತ್ತೆ ಕೈ ಹಿಡಿದಳು. "ಹುಷಾರಿಲ್ಲದಾಂವನ ಸಾಮಾನ ಅದ ಬೇ. ನೆಲಕ್ಕ ಇಡಬ್ಯಾಡ."

ಶಾರದಾಬಾಯಿ ವಾದಿಸಲಿಲ್ಲ. ಒಲೆಯ ಮುಂದೆ ಹುಟ್ಟಿ ಬೆಳೆದವಳಿಗೆ ಬಿಸಿಯ ಗುಣ ಹೇಳಿಕೊಡಬೇಕೇ? ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ತಾಟಿಗೆ ಹಾಕಿದರೆ ಅಡಿ ಬೆವರುತ್ತದೆ. ಅದಕ್ಕೇ ಬಿದಿರಿನ ಬುಟ್ಟಿಗೆ ಒರಗಿಸಿ ನಿಲ್ಲಿಸುತ್ತಾರೆ. ಅಡುಗೆಮನೆಯಿಂದ ರೊಟ್ಟಿ ಬುಟ್ಟಿ ತಂದು ಬೋರಲು ಹಾಕಿ, ಅದರ ಮೇಲೆ ಮಶೀನು ಕೂರಿಸಿದಳು. "ಅನ್ನದ ಬುಟ್ಟಿರಿ ಅತ್ತಿ, ಇದಕ್ಕಿಂತ ಮರ್ಯಾದಿ ಯಾವ್ದದ?" ಎಂದಳು. ಮುದುಕಿ ಕೌದಿ ಎತ್ತಿಕೊಂಡು ಹೋದಳು.

ಅಂದು ಮಶೀನು ಊಟದ ಹೊತ್ತಿನಿಂದ ದೀಪ ಹಚ್ಚುವ ತನಕ ಓಡಿತು. ಮರುದಿನವೂ ಓಡಿತು. ಬಸವಂತರಾಯನ ಹೆಬ್ಬೆರಳಿನ ಹಿಂದೆ ತೋರುಬೆರಳೂ ಎದ್ದಿತು. ಶಾರದಾಬಾಯಿಗೆ ಲೋಕ ಗೆದ್ದಷ್ಟು ಸಂತೋಷವಾಯಿತು. ಆ ಸಂತೋಷ ವಾರವೂ ಬಾಳಲಿಲ್ಲ. ಗಂಡ ಪರದೆಯೊಳಗೆ ಹೊಕ್ಕಿದ್ದ. ಚಹಾ ತಂದಿಟ್ಟರೆ ತಿರುಗಿ ನೋಡುವುದಿಲ್ಲ, ಕೇಳಿದ್ದಕ್ಕೆ ಹೂಂ ಎನ್ನುವುದಿಲ್ಲ. ಮತ್ತೆ ಸಂಜೆಯ ಬಸ್ಸಿಗೆ ಬಂದವನೇ ಆದ. ತನ್ನ ಕೈಯಾರೆ ಆ ಮಾತುಗಳನ್ನು ಕಳೆದುಕೊಂಡೆನಲ್ಲ ಎಂದು ಹಳಹಳಿಸಿದಳು. ಒಂದು ಮಧ್ಯಾಹ್ನ ಕೌದಿ ಕೈಯಲ್ಲಿ ಹಿಡಿದು ಮಶೀನಿನ ಹತ್ತಿರ ನಿಂತದ್ದೂ ಉಂಟು. ಅವನ ಬೆರಳು ಕುಣಿಯುವುದನ್ನು ನೋಡಿ, ಕೌದಿ ಮಡಚಿಟ್ಟು, ತನಗೇ ಬೈದುಕೊಂಡು ಒಳಗೆ ಹೋದಳು. ಕೈ ಬೇಕೋ ಮಾತು ಬೇಕೋ ಎಂದರೆ ಅವಳು ಕೈಯನ್ನೇ ಆರಿಸಿದ್ದಳು.

ಯುಗಾದಿ ಆದ ಮೇಲೆ ಒಂದು ದಿನ ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಆಟದ ಗದ್ದಲ ಫಕ್ಕನೆ ನಿಂತಿತು. ಕೆಟ್ಟಿತೇ ಎಂದು ಓಡಿ ಬಂದಳು. ಪರದೆ ಕಪ್ಪಾಗಿತ್ತು. ಬಸವಂತರಾಯ ಮುಂದಕ್ಕೆ ಬಾಗಿದ್ದ, ಬಲಗೈಯ ಬೆರಳು ಇನ್ನೂ ಮಶೀನಿನ ಸ್ವಿಚ್ಚಿನ ಮೇಲೆಯೇ ಇತ್ತು.

"ಭಾಳ ಬಿಸಿ ಆಗ್ಯಾದ," ಎಂದ, ಅವಳ ಮುಖ ನೋಡದೆ. "ಆರೂತನ... ನೀ ಇಲ್ಲಿ ಕೂಡು."

ಶಾರದಾಬಾಯಿ ಬಾಗಿ ಪೆಟ್ಟಿಗೆಯ ಹೊಟ್ಟೆಗೆ ಅಂಗೈ ಹಚ್ಚಿದಳು. ತಣ್ಣಗಿತ್ತು.

"ಹೌದ್ರಿ, ಕೈ ಇಡಾಕ ಆಗಂಗಿಲ್ಲ," ಎಂದಳು. ಕೂತಳು.